ಲಾಯದ ಹುಡುಗ ಲೌತಾರೊ

1553ನೆಯ ಇಸವಿಯ ಡಿಸೆಂಬರ್ 25. ಕ್ರೈಸ್ತ ಜಗತ್ತು ಪ್ರಭು ಯೇಸುವಿನ ಜನನವನ್ನು ಕೊಂಡಾಡುತ್ತಿದ್ದ ಆ ದಿನ, ದಕ್ಷಿಣ ಅಮೆರಿಕದ ಚಿಲಿ ದೇಶದ ತುಕಾಪೆಲ್ ಎಂಬಲ್ಲಿ ಒಂದು ಘೋರ ಯುದ್ಧ ನಡೆಯಿತು. ಚಿಲಿಯ ಸ್ಪ್ಯಾನಿಷ್ ರಾಜ್ಯಪಾಲನಾದ ಪೆದ್ರೊ ದೆ ವಾಲ್ದಿವಿಯನೂ ಅವನೊಡನೆ ಹೋಗಿದ್ದ ಸುಮಾರು 50 ಮಂದಿ ಸ್ಪ್ಯಾನಿಷರೂ ಅಲ್ಲಿ ಹತರಾದರು. ಅವರಲ್ಲಿ ಒಬ್ಬನೂ ಮನೆಗೆ ಹಿಂದಿರುಗಲಿಲ್ಲ. ಅವರನ್ನು ಸೋಲಿಸಿದ ಮಾಪುಚೆ ಪಡೆಯ ನಾಯಕನಿಗೆ ಆಗ ಸುಮಾರು 19 ವರ್ಷ. ಅವನ ಹೆಸರು ಲೌತಾರೊ. ಕೆಲವೇ ವರ್ಷಗಳ ಹಿಂದೆ ಅವನು ಅದೇ ವಾಲ್ದಿವಿಯನ ಲಾಯದಲ್ಲಿ ಕುದುರೆಗಳಿಗೆ ಮೇವು ಹಾಕುತ್ತಿದ್ದ ಹುಡುಗನಾಗಿದ್ದನು.

ಇಂದು ಚಿಲಿ ದೇಶದಲ್ಲಿ ಲೌತಾರೊನ ಹೆಸರನ್ನು ಅರಿಯದವರಿಲ್ಲ. ಅವನು ಸಂತನಲ್ಲ, ಕ್ರೈಸ್ತ ವಿಶ್ವಾಸಕ್ಕಾಗಿ ಪ್ರಾಣ ತೆತ್ತವನೂ ಅಲ್ಲ. ಆದರೂ ಅವನ ಅಲ್ಪಾಯುಷ್ಯದ ಕಥೆಯನ್ನು ಕ್ರೈಸ್ತ ಕುಟುಂಬಗಳು ಅರಿಯುವುದು ಒಳ್ಳೆಯದು. ಏಕೆಂದರೆ ಅವನು ಬಾಲ್ಯವನ್ನು ಕಳೆದದ್ದು ಪ್ರಾರ್ಥನೆ, ಪೂಜೆಗಳು ತಪ್ಪದ ಒಂದು ಕ್ರೈಸ್ತ ಮನೆಯಲ್ಲಿ.

ನಾಡು ಮತ್ತು ಜನ

ಪೂರ್ವಕ್ಕೆ ಆಂಡಿಸ್ ಪರ್ವತಶ್ರೇಣಿ, ಪಶ್ಚಿಮಕ್ಕೆ ಪೆಸಿಫಿಕ್ ಮಹಾಸಾಗರ; ಇವೆರಡರ ನಡುವೆ ಉದ್ದನೆಯ ಪಟ್ಟಿಯಂತೆ ಚಿಲಿ ದೇಶ ಚಾಚಿಕೊಂಡಿದೆ. ಅದರ ದಕ್ಷಿಣಾರ್ಧದಲ್ಲಿ ಬಿಯೋಬಿಯೊ ನದಿಯ ಆಚೆಗೆ ಮಳೆ ಹೆಚ್ಚು, ದಟ್ಟವಾದ ಕಾಡು, ಜೌಗು ನೆಲ. ಅಲ್ಲಿನ ಮೂಲನಿವಾಸಿಗಳೇ ಮಾಪುಚೆಯರು. ಅವರ ನುಡಿಯಲ್ಲಿ ಮಾಪು ಎಂದರೆ ಭೂಮಿ, ಚೆ ಎಂದರೆ ಜನ; ಮಾಪುಚೆ ಎಂದರೆ ಭೂಮಿಯ ಮಕ್ಕಳು ಎಂದಂತಾಯಿತು. ಅವರಿಗೆ ರಾಜನಿರಲಿಲ್ಲ, ರಾಜಧಾನಿ ಇರಲಿಲ್ಲ. ಬಂಧುಬಳಗದ ಒಂದೊಂದು ಗುಂಪಿಗೆ ಲೊಂಕೊ ಎಂಬ ಹಿರಿಯನಿರುತ್ತಿದ್ದನು. ಯುದ್ಧ ಬಂದಾಗ ಮಾತ್ರ ಎಲ್ಲರೂ ಸಭೆ ಸೇರಿ ತೋಕಿ ಎಂಬ ಸೇನಾಪತಿಯನ್ನು ಆರಿಸಿ, ಅವನ ಕೈಗೆ ಕಲ್ಲಿನ ಕೊಡಲಿಯನ್ನು ಅಧಿಕಾರದ ಗುರುತಾಗಿ ಕೊಡುತ್ತಿದ್ದರು. ಯುದ್ಧ ಮುಗಿದೊಡನೆ ಅವನ ಅಧಿಕಾರವೂ ಮುಗಿಯುತ್ತಿತ್ತು. ಪೆರುವಿನ ಬಲಾಢ್ಯ ಇಂಕಾ ಚಕ್ರವರ್ತಿಗಳಿಂದಲೂ ಈ ಜನರನ್ನು ಅಧೀನ ಮಾಡಿಕೊಳ್ಳಲಾಗಲಿಲ್ಲ.

ಸ್ಪ್ಯಾನಿಷರು ಪೆರುವನ್ನು ಗೆದ್ದ ಮೇಲೆ ದಕ್ಷಿಣದತ್ತ ಕಣ್ಣು ಹಾಯಿಸಿದರು. ದಿಯೇಗೊ ದೆ ಅಲ್ಮಾಗ್ರೊನ ದಂಡಯಾತ್ರೆಯ ಒಂದು ತುಕಡಿ 1536ರಲ್ಲಿ ರೇನೊಗುವೆಲೆನ್ ಎಂಬಲ್ಲಿ ಮಾಪುಚೆಯರೊಡನೆ ಮೊದಲ ಬಾರಿಗೆ ಕಾದಾಡಿತು. ಚಿನ್ನ ದೊರೆಯದೆ ಅಲ್ಮಾಗ್ರೊ ನಿರಾಶನಾಗಿ ಮರಳಿದನು. 1540ರಲ್ಲಿ ಹೊರಟ ವಾಲ್ದಿವಿಯ ಮಾತ್ರ ನೆಲೆಸುವ ಸಂಕಲ್ಪದಿಂದಲೇ ಬಂದನು. ಅವನು ತನ್ನ ಕುದುರೆಯ ಜೀನಿಗೆ ಸಹಾಯಮಾತೆಯ ಪುಟ್ಟ ಪ್ರತಿಮೆಯೊಂದನ್ನು ಕಟ್ಟಿಕೊಂಡು ಮರುಭೂಮಿಯನ್ನು ದಾಟಿದನೆಂದು ಹೇಳುತ್ತಾರೆ. ಆ ಪ್ರತಿಮೆಯನ್ನು ಈಗಲೂ ಸಾಂತಿಯಾಗೊ ನಗರದ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಭಕ್ತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಆ ನಗರವನ್ನು ಅವನು ಸ್ಥಾಪಿಸಿದ್ದು 1541ರ ಫೆಬ್ರವರಿ 12ರಂದು.

ಸೆರೆಯಾದ ಬಾಲಕ

ಲೌತಾರೊ ಹುಟ್ಟಿದ್ದು ಸುಮಾರು 1534ರಲ್ಲಿ. ತಂದೆಯ ಹೆಸರು ಕುರಿನ್ಯಾಂಕು, ಅವನೊಬ್ಬ ಲೊಂಕೊ. ಮಗನಿಗೆ ಇಟ್ಟ ಹೆಸರು ಲೆಫ್‌ತ್ರಾರು. ವೇಗವಾಗಿ ಹಾರುವ ಒಂದು ಬಗೆಯ ಗಿಡುಗಕ್ಕೆ ಆ ಹೆಸರು. ಸ್ಪ್ಯಾನಿಷರ ನಾಲಗೆಗೆ ಅದು ಹೊರಳದೆ ಲೌತಾರೊ ಆಯಿತು. ಅವನಿಗೆ ಫೆಲಿಪೆ ಎಂಬ ಕ್ರೈಸ್ತ ಹೆಸರನ್ನೂ ಕೊಟ್ಟರೆಂಬ ಪ್ರತೀತಿಯುಂಟು. ಸುಮಾರು 12ನೆಯ ವಯಸ್ಸಿನಲ್ಲಿ ಸೆರೆಯಾದ ಆತನು ವಾಲ್ದಿವಿಯನ ಪರಿವಾರವನ್ನು ಸೇರಿ, ಆರು ವರ್ಷಗಳಷ್ಟು ಕಾಲ ಅಲ್ಲಿ ಸೇವೆ ಮಾಡಿದನು.

ಅವನಿಗೆ ವಹಿಸಿದ ಕೆಲಸ ಕುದುರೆಗಳ ಆರೈಕೆ. ಮೈ ತಿಕ್ಕುವುದು, ನೀರು ಕುಡಿಸುವುದು, ಜೀನು ಬಿಗಿಯುವುದು, ಒಡೆಯನ ಹಿಂದೆ ಓಡುವುದು. ಅಮೆರಿಕದ ಮೂಲಜನರು ಸ್ಪ್ಯಾನಿಷರು ಬರುವ ಮೊದಲು ಕುದುರೆಯನ್ನೇ ಕಂಡಿರಲಿಲ್ಲ. ಗುಡುಗಿನಂತೆ ನುಗ್ಗಿ ಬರುವ ಆ ಪ್ರಾಣಿ ಅವರ ಎದೆಯಲ್ಲಿ ಭೀತಿಯನ್ನು ಬಿತ್ತಿತ್ತು. ಆದರೆ ಲಾಯದಲ್ಲಿದ್ದ ಹುಡುಗನಿಗೆ ಭಯಪಡಲು ಕಾರಣವೇ ಉಳಿಯಲಿಲ್ಲ. ಕುದುರೆಗೆ ಹಸಿವಾಗುತ್ತದೆ, ಬಾಯಾರುತ್ತದೆ, ಅದರ ಗೊರಸು ಸವೆಯುತ್ತದೆ, ಕೆಸರಿನಲ್ಲಿ ಕಾಲು ಹೂತುಹೋಗುತ್ತದೆ, ಏರಿನಲ್ಲಿ ಉಸಿರು ಕಟ್ಟುತ್ತದೆ ಎಂಬುದನ್ನು ಅವನು ದಿನವೂ ಕಂಡನು. ಅದರ ಮೇಲೆ ಕುಳಿತವನಿಗೂ ದಣಿವು, ಜ್ವರ, ನಿದ್ದೆಗಳುಂಟು ಎಂಬುದನ್ನೂ ಕಂಡನು. ಅಜ್ಞಾನವಿದ್ದಲ್ಲಿ ಭಯ ಬೆಳೆಯುತ್ತದೆ, ಜ್ಞಾನ ಬಂದಾಗ ಅದು ಕರಗುತ್ತದೆ. ಈ ತತ್ತ್ವವನ್ನು ಆ ಹುಡುಗ ಯಾವ ಗ್ರಂಥದಿಂದಲೂ ಕಲಿಯಲಿಲ್ಲ.

ಅವನು ಕಂಡದ್ದು ಕುದುರೆಗಳನ್ನು ಮಾತ್ರವಲ್ಲ. ವಾಲ್ದಿವಿಯ ಬಿಯೋಬಿಯೊ ನದಿಯ ಸೀಮೆಗೆ ಸೇನೆ ತಂದು, 1550ರ ಫೆಬ್ರವರಿಯಲ್ಲಿ ಆಂದಾಲಿಯೆನ್ ಎಂಬಲ್ಲಿಯೂ ಮಾರ್ಚ್ ತಿಂಗಳಲ್ಲಿ ಪೆಂಕೊ ಎಂಬಲ್ಲಿಯೂ ಮಾಪುಚೆಯರ ಮುತ್ತಿಗೆಯನ್ನು ಮುರಿದನು. ಪೆಂಕೊ ಯುದ್ಧದ ಬಳಿಕ ಸುಮಾರು 200 ಮಂದಿ ಸೆರೆಯಾಳುಗಳ ಕೈಯನ್ನೂ ಮೂಗನ್ನೂ ಕತ್ತರಿಸಿ, ಉಳಿದವರಿಗೆ ಎಚ್ಚರಿಕೆಯಾಗಲೆಂದು ಅವರನ್ನು ತಮ್ಮ ತಮ್ಮ ಊರುಗಳಿಗೆ ಕಳುಹಿಸಿದನು. ಇದನ್ನು ಶತ್ರುಗಳು ಕಟ್ಟಿದ ಕಥೆಯೆನ್ನುವಂತಿಲ್ಲ. ವಾಲ್ದಿವಿಯ ತಾನೇ ಚಕ್ರವರ್ತಿ ಐದನೆಯ ಚಾರ್ಲ್ಸನಿಗೆ ಬರೆದ ಪತ್ರದಲ್ಲಿ ಈ ಶಿಕ್ಷೆಯನ್ನು ವರದಿ ಮಾಡಿದ್ದಾನೆ. ಶಾಂತಿಯಿಂದ ಶರಣಾಗಿರೆಂದು ಎಷ್ಟೋ ಬಾರಿ ಕರೆ ಕಳುಹಿಸಿದರೂ ಅವರು ಒಪ್ಪಲಿಲ್ಲವೆಂಬುದೇ ಅವನು ಕೊಟ್ಟ ಸಮರ್ಥನೆ. ತನ್ನ ನೆಲದಲ್ಲಿ ತಾನಿದ್ದವನು ಯಾರಿಗೆ, ಏಕೆ ಶರಣಾಗಬೇಕೆಂಬ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ.

ಇಲ್ಲಿ ಒಂದು ವಿಷಯವನ್ನು ನೆನೆಯಬೇಕು. ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಯೋಚಿಸುತ್ತಿದ್ದರೆಂದು ಹೇಳಿ ಪಾರಾಗುವುದು ಸುಲಭ. ಅದು ನಿಜವಲ್ಲ. ಜಗದ್ಗುರು ಮೂರನೆಯ ಪೌಲರು 1537ರಲ್ಲಿಯೇ ಅಮೆರಿಕದ ಮೂಲಜನರು ನಿಜವಾದ ಮಾನವರು, ಅವರು ಕ್ರೈಸ್ತರಲ್ಲದಿದ್ದರೂ ಅವರ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯಕೂಡದು ಎಂದು ಸಾರಿದ್ದರು. 1550ರಲ್ಲಿ, ಪೆಂಕೊವಿನಲ್ಲಿ ಕೈಗಳನ್ನು ಕತ್ತರಿಸಿದ ಅದೇ ವರ್ಷದಲ್ಲಿ, ಸ್ಪೇನಿನ ವಾಯಾದೊಲಿದ್ ನಗರದಲ್ಲಿ ಪಂಡಿತರ ಸಭೆಯೊಂದು ಸೇರಿತು. ಕೆಲವರು ಹುಟ್ಟಿನಿಂದಲೇ ದಾಸರೆಂಬ ಅರಿಸ್ಟಾಟಲನ ವಾದವನ್ನು ಮುಂದಿಟ್ಟು ಸೆಪುಲ್ವೆದ ಎಂಬ ವಿದ್ವಾಂಸ ಈ ಯುದ್ಧಗಳನ್ನು ಸಮರ್ಥಿಸಿದನು. ದೊಮಿನಿಕನ್ ಸಭೆಯ ಧರ್ಮಾಧ್ಯಕ್ಷ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಅದನ್ನು ಅಡಿಯಿಂದ ಮುಡಿಯವರೆಗೆ ಖಂಡಿಸಿದರು. ಸತ್ಯ ಅಂದೂ ತಿಳಿದಿತ್ತು, ಅದನ್ನು ನುಡಿಯುವವರೂ ಇದ್ದರು. ಆದರೆ ಚಿನ್ನದ ಸದ್ದಿನಲ್ಲಿ ಆ ದನಿ ಮುಚ್ಚಿಹೋಯಿತು.

ವಾಲ್ದಿವಿಯ 1550ರಿಂದ 1553ರೊಳಗೆ ಕಾನ್ಸೆಪ್ಸಿಯೊನ್, ಇಂಪೀರಿಯಲ್, ವಾಲ್ದಿವಿಯ, ವಿಯ್ಯಾರಿಕ ಮೊದಲಾದ ಪಟ್ಟಣಗಳನ್ನು ಕಟ್ಟಿದನು. ಆರಾವುಕೊ, ಪುರೆನ್, ತುಕಾಪೆಲ್ ಎಂಬ ಮೂರು ಕೋಟೆಗಳನ್ನು ಎಬ್ಬಿಸಿದನು. ಮಾಪುಚೆಯರನ್ನು ಊರೂರಾಗಿ ತನ್ನ ಸಂಗಡಿಗರಿಗೆ ಹಂಚಿಕೊಟ್ಟನು. ಅವರಿಗೆ ಧರ್ಮಬೋಧನೆ ಮಾಡಿಸಿ ರಕ್ಷಣೆ ಕೊಡುವುದು ಒಡೆಯನ ಕರ್ತವ್ಯ, ಪ್ರತಿಯಾಗಿ ದುಡಿಮೆ ಕೊಡುವುದು ಅವರ ಕರ್ತವ್ಯವೆಂಬುದು ಕಾಗದದ ಮೇಲಿನ ಮಾತು. ನಡೆದದ್ದು ಬೇರೆ. ಕಿಲಾಕೋಯದ ಹೊಳೆಯ ಮರಳಿನಲ್ಲಿ ಚಿನ್ನ ಜಾಲಿಸಲು ಜನರನ್ನು ಬಲವಂತದಿಂದ ದುಡಿಸಲಾಯಿತು. ಧರ್ಮಬೋಧನೆ ಹೆಸರಿಗೆ ಮಾತ್ರ ಉಳಿಯಿತು.

ತುಕಾಪೆಲ್‌ನ ಯುದ್ಧ

ಸುಮಾರು 1552ರಲ್ಲಿ ಲೌತಾರೊ ಒಡೆಯನ ಮನೆಯಿಂದ ತಪ್ಪಿಸಿಕೊಂಡು ತನ್ನ ಜನರ ಬಳಿಗೆ ಹೋದನು. ಮಾಪುಚೆಯರ ಮಹಾಸಭೆಯಲ್ಲಿ ಕಾವುಪೊಲಿಕಾನ್ ಎಂಬ ವೀರನು ತೋಕಿಯಾಗಿ ಆಯ್ಕೆಯಾದನು. ಲೌತಾರೊ ಅವನ ಉಪನಾಯಕನಾದನು. ಹದಿಹರೆಯದ ಹುಡುಗನೊಬ್ಬ ಹಿರಿಯ ಯೋಧರಿಗೆ ಯುದ್ಧವಿದ್ಯೆಯನ್ನು ಕಲಿಸಲು ನಿಂತದ್ದು ಅಪೂರ್ವ ಸಂಗತಿ. ಅದುವರೆಗೆ ಅವರು ಒಂದೇ ದೊಡ್ಡ ಗುಂಪಾಗಿ ನುಗ್ಗುತ್ತಿದ್ದರು, ಕುದುರೆಪಡೆ ಅವರನ್ನು ತುಳಿದು ಚದುರಿಸುತ್ತಿತ್ತು. ಲೌತಾರೊ ಸೇನೆಯನ್ನು ಹಲವು ತುಕಡಿಗಳಾಗಿ ಒಡೆದನು. ಒಂದು ತುಕಡಿ ಹೋರಾಡಿ ಹಿಂದೆ ಸರಿಯಬೇಕು, ಕೂಡಲೇ ದಣಿಯದ ಇನ್ನೊಂದು ತುಕಡಿ ಮುಂದೆ ಬರಬೇಕು. ಮಾಪುಚೆಯರು ಸರದಿಯಂತೆ ವಿಶ್ರಮಿಸಬಹುದು, ಸ್ಪ್ಯಾನಿಷರ ಕುದುರೆಗಳಿಗೆ ಮಾತ್ರ ವಿಶ್ರಾಂತಿಯಿಲ್ಲ. ಯುದ್ಧದ ಜಾಗವನ್ನು ತಾವೇ ಆರಿಸಬೇಕು. ಹಿಂದೆ ಕಾಡು, ಪಕ್ಕದಲ್ಲಿ ಜೌಗು ಇರಬೇಕು. ಉದ್ದನೆಯ ಈಟಿಗಳಿಂದ ಕುದುರೆಯನ್ನು ತಡೆಯಬೇಕು, ಕುಣಿಕೆಯಿಂದ ಸವಾರನನ್ನು ಕೆಳಗೆಳೆಯಬೇಕು. ಇವೆಲ್ಲವೂ ಲಾಯದಲ್ಲಿ ಕಲಿತ ಪಾಠದ ಫಲ.

1553ರ ಡಿಸೆಂಬರಿನಲ್ಲಿ ಮಾಪುಚೆಯರು ತುಕಾಪೆಲ್ ಕೋಟೆಯನ್ನು ಹಿಡಿದು ಸುಟ್ಟರು. ದಂಗೆಯ ಸುದ್ದಿ ಕೇಳಿ ವಾಲ್ದಿವಿಯ ಕಾನ್ಸೆಪ್ಸಿಯೊನ್‌ನಿಂದ ಹೊರಟನು. ಪುರೆನ್ ಕೋಟೆಯಿಂದ ಇನ್ನೊಂದು ತುಕಡಿ ಬಂದು ಸೇರಬೇಕಿತ್ತು. ಅದು ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಮುಂದೆ ಕಳುಹಿಸಿದ ಬೇಹಿನ ಸವಾರರು ಮರಳಲಿಲ್ಲ. ಆದರೂ ಅವನು ಹಿಂದೆಗೆಯಲಿಲ್ಲ. ಕ್ರಿಸ್ತ ಜಯಂತಿಯ ದಿನ ತುಕಾಪೆಲ್ ತಲುಪಿದಾಗ ಅವನಿಗೆ ಕಂಡದ್ದು ಕೋಟೆಯ ಬೂದಿ ಮಾತ್ರ.

ಅಷ್ಟರಲ್ಲಿ ಕಾಡಿನೊಳಗಿಂದ ಮೊದಲನೆಯ ತುಕಡಿ ಹೊರಬಂದಿತು. ಕುದುರೆಪಡೆ ನುಗ್ಗಿ ಅದನ್ನು ಚದುರಿಸಿತು. ಗೆದ್ದೆವೆಂದುಕೊಳ್ಳುವಷ್ಟರಲ್ಲಿ ಎರಡನೆಯದು ಬಂದಿತು. ಅದನ್ನೂ ಎದುರಿಸಿದರು. ಮತ್ತೆ ಇನ್ನೊಂದು. ಬೇಸಿಗೆಯ ಬಿಸಿಲಿನಲ್ಲಿ ಕವಚ ತೊಟ್ಟ ಸೈನಿಕರು ಬಳಲಿದರು, ಕುದುರೆಗಳು ನೊರೆ ಕಾರಿದವು. ಕೊನೆಗೆ ಲೌತಾರೊನೇ ಹೊಸ ತುಕಡಿಯೊಂದಿಗೆ ಮೇಲೆ ಬಿದ್ದನು. ವಾಲ್ದಿವಿಯ ತನ್ನ ಜೊತೆಗಿದ್ದ ಯಾಜಕನೊಬ್ಬನೊಡನೆ ಕುದುರೆಯೇರಿ ಪಾರಾಗಲು ಯತ್ನಿಸಿದನು. ಜೌಗು ನೆಲದಲ್ಲಿ ಕುದುರೆಗಳ ಕಾಲು ಹೂತುಹೋಯಿತು. ಇಬ್ಬರೂ ಸೆರೆಸಿಕ್ಕು ಕೊಲ್ಲಲ್ಪಟ್ಟರು. ಚಿನ್ನದ ಆಸೆಗೆ ಶಿಕ್ಷೆಯಾಗಿ ಅವನ ಬಾಯಿಗೆ ಕರಗಿಸಿದ ಚಿನ್ನವನ್ನು ಸುರಿದರೆಂಬ ಕಥೆ ಮುಂದೆ ಹುಟ್ಟಿಕೊಂಡಿತು. ಆ ಕಥೆ ಎಷ್ಟು ಬೇಗ ಹರಡಿತೆಂದರೆ, ಜನರು ಅವನನ್ನು ಯಾವುದಕ್ಕಾಗಿ ನೆನಪಿಟ್ಟರೆಂಬುದು ಅದರಿಂದಲೇ ತಿಳಿಯುತ್ತದೆ. ಅತ್ತ ಅವನ ಪತ್ನಿ ಮರೀನ ಒರ್ತಿಸ್ ದೆ ಗಾಯೆತೆ, ಬಹುವರ್ಷಗಳ ಅಗಲಿಕೆಯ ನಂತರ ಗಂಡನನ್ನು ಸೇರಲು ಸ್ಪೇನಿನಿಂದ ಹೊರಟಿದ್ದಳು. ಆಕೆ ಚಿಲಿಯ ನೆಲದಲ್ಲಿ ಕಾಲಿಟ್ಟದ್ದು ವಿಧವೆಯಾಗಿ.

ಗೆಲುವು ಮತ್ತು ಪತನ

ಎರಡು ತಿಂಗಳ ಬಳಿಕ, 1554ರ ಫೆಬ್ರವರಿಯಲ್ಲಿ, ಫ್ರಾನ್ಸಿಸ್ಕೊ ದೆ ವಿಯ್ಯಾಗ್ರ ಎಂಬ ದಳಪತಿ ಫಿರಂಗಿಗಳೊಡನೆ ಸೇಡಿಗೆ ಬಂದನು. ಮಾರಿಗುವೆನ್ಯು ಎಂಬ ಕಡಿದಾದ ಬೆಟ್ಟದ ದಾರಿಯಲ್ಲಿ ಲೌತಾರೊ ಅವನನ್ನೂ ಸೋಲಿಸಿದನು. ಕಾನ್ಸೆಪ್ಸಿಯೊನ್ ನಗರದ ಜನ ಮನೆಮಠಗಳನ್ನು ತೊರೆದು ಸಾಂತಿಯಾಗೊಗೆ ಓಡಿದರು. ಮಾಪುಚೆಯರು ಬರಿದಾದ ನಗರಕ್ಕೆ ಬೆಂಕಿಯಿಟ್ಟರು. 1555ರಲ್ಲಿ ಸ್ಪ್ಯಾನಿಷರು ಅದನ್ನು ಮತ್ತೆ ಕಟ್ಟಲು ಬಂದಾಗ, ಡಿಸೆಂಬರ್ ತಿಂಗಳಿನಲ್ಲಿ ಲೌತಾರೊ ಅದನ್ನು ಇನ್ನೊಮ್ಮೆ ನಾಶಮಾಡಿದನು. ಆದರೆ ಗೆದ್ದವರ ನಾಡಿನಲ್ಲಿಯೂ ನೆಮ್ಮದಿ ಇರಲಿಲ್ಲ. ಯುದ್ಧದಿಂದ ಬೇಸಾಯ ನಿಂತಿತು, ಬರಗಾಲ ಬಂದಿತು, ಹಿಂದೆಯೇ ಸಾಂಕ್ರಾಮಿಕ ರೋಗ ಹಬ್ಬಿತು. ಸತ್ತವರಿಗೆ ಲೆಕ್ಕವಿರಲಿಲ್ಲ.

ಸ್ಪ್ಯಾನಿಷರನ್ನು ಸಾಂತಿಯಾಗೊದಿಂದಲೇ ಹೊರಗಟ್ಟಬೇಕೆಂಬುದು ಲೌತಾರೊನ ಗುರಿ. ಅದಕ್ಕಾಗಿ ಅವನು 1556ರಲ್ಲಿಯೂ 1557ರಲ್ಲಿಯೂ ಉತ್ತರಕ್ಕೆ ದಂಡೆತ್ತಿ ಹೋದನು. ಅಲ್ಲಿನ ಮೂಲಜನರು ಅವನದೇ ನುಡಿಯವರು. ಆದರೆ ಬಹುಕಾಲದಿಂದ ಸ್ಪ್ಯಾನಿಷರ ಅಧೀನದಲ್ಲಿದ್ದವರು. ಅವರು ತನ್ನೊಡನೆ ಏಳಲು ಹಿಂಜರಿದಾಗ ಲೌತಾರೊ ಅವರ ಬೆಳೆಯನ್ನು ಕೊಳ್ಳೆಹೊಡೆಸಿದನು, ಕಠೋರವಾಗಿ ದಂಡಿಸಿದನು. ಬಿಡುಗಡೆ ಮಾಡಲು ಬಂದವನು ಹೊಸ ಒಡೆಯನಂತೆ ಅವರಿಗೆ ಕಂಡನು. ಅವರಲ್ಲಿಯೇ ಕೆಲವರು ವಿಯ್ಯಾಗ್ರನಿಗೆ ಅವನ ಶಿಬಿರದ ದಾರಿಯನ್ನು ತೋರಿಸಿದರು. 1557ರ ಏಪ್ರಿಲ್ ತಿಂಗಳ ಒಂದು ನಸುಕಿನಲ್ಲಿ, ಮಾತಾಕಿತೊ ನದಿಯ ಸಮೀಪದ ಶಿಬಿರದಲ್ಲಿ ನಿದ್ದೆಯಲ್ಲಿದ್ದವರ ಮೇಲೆ ಸ್ಪ್ಯಾನಿಷರು ಎರಗಿದರು. ಲೌತಾರೊ ಅಲ್ಲಿಯೇ ಮಡಿದನು. ಅವನ ವಯಸ್ಸು 23ರ ಆಸುಪಾಸು. ಅವನ ತಲೆಯನ್ನು ಸಾಂತಿಯಾಗೊ ನಗರದ ಚೌಕದಲ್ಲಿ ಪ್ರದರ್ಶನಕ್ಕಿಟ್ಟರು.

ಅದೇ 1557ರಲ್ಲಿ ಅಲೊನ್ಸೊ ದೆ ಎರ್ಸಿಯ್ಯ ಎಂಬ ಸ್ಪ್ಯಾನಿಷ್ ಯೋಧನು ಚಿಲಿಗೆ ಬಂದನು. ಶತ್ರುಗಳ ಶೌರ್ಯಕ್ಕೆ ಬೆರಗಾಗಿ ಅವನು ರಚಿಸಿದ ಲಾ ಆರಾವುಕಾನ ಎಂಬ ಮಹಾಕಾವ್ಯದ ಮೊದಲ ಭಾಗ 1569ರಲ್ಲಿ ಪ್ರಕಟವಾಯಿತು. ಲೌತಾರೊನ ಹೆಸರು ಜಗತ್ತಿಗೆ ತಿಳಿದದ್ದು ಹೀಗೆ, ಶತ್ರುವಿನ ಲೇಖನಿಯಿಂದ. ಆ ದಂಡಿನೊಡನೆ ಬಂದ ದೊಮಿನಿಕನ್ ಯಾಜಕ ಹಿಲ್ ಗೊನ್ಸಾಲೆಸ್ ಯುದ್ಧದ ಅನ್ಯಾಯವನ್ನು ಬಹಿರಂಗವಾಗಿ ಖಂಡಿಸಿ ಬೋಧಿಸಿದರು. ಅವರ ಮಾತು ದಳಪತಿಗಳಿಗೆ ರುಚಿಸಲಿಲ್ಲ.

ಯುದ್ಧ ಮಾತ್ರ ನಿಲ್ಲಲಿಲ್ಲ. 1598ರ ಡಿಸೆಂಬರ್ 23ರಂದು ಕುರಾಲಾಬ ಎಂಬಲ್ಲಿ ಇನ್ನೊಬ್ಬ ರಾಜ್ಯಪಾಲ ಹತನಾದನು. ಅವನು ಲೊಯೋಲದ ಸಂತ ಇಗ್ನಾಸಿಯವರ ಮನೆತನಕ್ಕೆ ಸೇರಿದ ಮಾರ್ತಿನ್ ಗಾರ್ಸಿಯ ಒನ್ಯೆಸ್ ದೆ ಲೊಯೋಲ. ಆ ಬಳಿಕ ಬಿಯೋಬಿಯೊ ನದಿಯ ದಕ್ಷಿಣದ ಪಟ್ಟಣಗಳೆಲ್ಲ ಸ್ಪ್ಯಾನಿಷರ ಕೈತಪ್ಪಿದವು. ಆಗ ಯೇಸುಸಭೆಯ ಲೂಯಿಸ್ ದೆ ವಾಲ್ದಿವಿಯ ಎಂಬ ಯಾಜಕರು ಬೇರೊಂದು ದಾರಿ ಹಿಡಿದರು. ಅವರು ಮಾಪುಚೆಯರ ನುಡಿಯನ್ನು ಕಲಿತರು. ಅದರ ವ್ಯಾಕರಣವನ್ನು 1606ರಲ್ಲಿ ಲೀಮ ನಗರದಲ್ಲಿ ಅಚ್ಚುಹಾಕಿಸಿದರು. ನದಿಯನ್ನು ಗಡಿಯೆಂದು ಒಪ್ಪಿ, ದಾಳಿಯನ್ನೂ ಬಲವಂತದ ದುಡಿಮೆಯನ್ನೂ ನಿಲ್ಲಿಸಿ, ಬರಿಗೈಯಲ್ಲಿ ಶುಭಸಂದೇಶವನ್ನು ಸಾರೋಣವೆಂದು ಸ್ಪೇನಿನ ಅರಸನನ್ನು ಒಪ್ಪಿಸಿದರು. 1612ರಲ್ಲಿ ಆ ಪ್ರಯತ್ನ ಆರಂಭವಾದೊಡನೆಯೇ ಎಲಿಕುರ ಎಂಬಲ್ಲಿ ಅವರ ಮೂವರು ಸಹೋದರರು ಕೊಲೆಯಾದರು. ಸ್ಪ್ಯಾನಿಷರು ಅವರನ್ನು ಗೇಲಿ ಮಾಡಿದರು. ಆದರೆ 1641ರಲ್ಲಿ ಕಿಲಿನ್ ಎಂಬಲ್ಲಿ ಎರಡೂ ಪಕ್ಷದವರು ಕುಳಿತು ಮಾಡಿಕೊಂಡ ಒಪ್ಪಂದ ಆ ನದಿಯನ್ನೇ ಗಡಿಯೆಂದು ಒಪ್ಪಿಕೊಂಡಿತು. ಒಂದೇ ಹೆಸರಿನ ಇಬ್ಬರು ವಾಲ್ದಿವಿಯರಲ್ಲಿ ಕತ್ತಿಯವನಿಗಿಂತ ವ್ಯಾಕರಣದವರೇ ದೂರ ಕಂಡವರು.

ಲೌತಾರೊನ ಹೆಸರಿಗೂ ವಿಚಿತ್ರ ಗತಿ ಒದಗಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಸ್ಪೇನಿನ ವಿರುದ್ಧ ಹೋರಾಡಿದ ಸ್ಯಾನ್ ಮಾರ್ತಿನ್, ಓಹಿಗ್ಗಿನ್ಸ್ ಮೊದಲಾದವರು ತಮ್ಮ ಗುಪ್ತಸಂಘಕ್ಕೆ ಅವನ ಹೆಸರಿಟ್ಟುಕೊಂಡರು. ಸ್ವತಂತ್ರ ಚಿಲಿ 1861ರಿಂದ 1883ರವರೆಗೆ ಸೇನೆಯನ್ನು ಕಳುಹಿಸಿ ಮಾಪುಚೆಯರ ನೆಲವನ್ನು ವಶಪಡಿಸಿಕೊಂಡಿತು. ಆ ದಂಡಯಾತ್ರೆಯಲ್ಲಿ 1881ರಲ್ಲಿ ಎಬ್ಬಿಸಿದ ಒಂದು ಕೋಟೆಗೆ ಕೊಟ್ಟ ಹೆಸರು ಲೌತಾರೊ. ಅವನ ಹೆಸರನ್ನು ಗೌರವಿಸಿದವರೇ ಅವನ ಮಕ್ಕಳ ಹೊಲವನ್ನು ಕಸಿದರು.

ನಮ್ಮ ಮನೆಗಳಲ್ಲಿ

ಪೆದ್ರೊ ದೆ ವಾಲ್ದಿವಿಯನನ್ನು ರಾಕ್ಷಸನೆಂದು ತಳ್ಳಿಬಿಟ್ಟರೆ ಈ ಕಥೆಯಿಂದ ನಮಗೆ ಪ್ರಯೋಜನವಿಲ್ಲ. ಅವನು ಧೈರ್ಯಶಾಲಿ, ಊರುಗಳನ್ನು ಕಟ್ಟಿದವನು, ದೇವಮಾತೆಯ ಭಕ್ತ. ಅವನ ಪರಿವಾರದಲ್ಲಿ ಯಾಜಕರಿದ್ದರು, ಬಲಿಪೂಜೆ ನಡೆಯುತ್ತಿತ್ತು. ಕ್ರಿಸ್ತ ಜಯಂತಿ ಬಂದಾಗ ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಶಿಶುವಿಗೆ ಅವನು ಮಂಡಿಯೂರಿದ್ದಾನು. ಆದರೆ ತನ್ನ ಲಾಯದಲ್ಲಿಯೇ ಮಲಗುತ್ತಿದ್ದ ಹುಡುಗನಲ್ಲಿ ಅವನು ಕಂಡದ್ದು ಎರಡು ದುಡಿಯುವ ಕೈಗಳನ್ನು ಮಾತ್ರ. ಆ ಹುಡುಗನಿಗೆ ಎರಡು ಕಣ್ಣುಗಳೂ ಇದ್ದವು, ಆ ಕಣ್ಣುಗಳ ಹಿಂದೆ ಒಂದು ಮನಸ್ಸಿತ್ತು ಎಂಬುದನ್ನು ಮರೆತನು. ಮನುಷ್ಯನೆಂಬುವನು ಇನ್ನೊಬ್ಬರ ಪ್ರಯೋಜನಕ್ಕೆ ಇರುವ ಸಾಧನವಲ್ಲ. ದೇವರ ಪ್ರತಿರೂಪವಾದ ಪ್ರತಿಯೊಬ್ಬನೂ ತನ್ನಷ್ಟಕ್ಕೇ ಬೆಲೆಯುಳ್ಳವನು. ತತ್ತ್ವಶಾಸ್ತ್ರ ಇದನ್ನು ಹಲವು ಸಂಪುಟಗಳಲ್ಲಿ ವಿವರಿಸುತ್ತದೆ. ಮನೆಯ ಅಡಿಗೆಯವಳು ಅದನ್ನು ಒಂದೇ ದಿನದಲ್ಲಿ ಅಳೆದುಬಿಡುತ್ತಾಳೆ.

ಲೌತಾರೊ ಆರು ವರ್ಷ ಕ್ರೈಸ್ತರ ನಡುವೆ ಬಾಳಿದನು. ಅವರಿಂದ ಕುದುರೆಯ ಗುಟ್ಟನ್ನು ಕಲಿತನು, ದಂಡಿನ ಶಿಸ್ತನ್ನು ಕಲಿತನು, ಕ್ರೌರ್ಯವನ್ನೂ ಕಲಿತನು. ಉತ್ತರದ ಜನರನ್ನು ಅವನು ದಂಡಿಸಿದ ಬಗೆಯಲ್ಲಿ ಗುರುವಿನ ಗುರುತು ಕಾಣುತ್ತದೆ; ಅದೇ ಅವನ ಸಾವಿಗೂ ದಾರಿಯಾಯಿತು. ಅವರಿಂದ ಕಲಿಯಲು ಸಿಗದಿದ್ದದ್ದು ಕ್ರಿಸ್ತನ ಪ್ರೀತಿಯೊಂದೇ. 2018ರ ಜನವರಿ 17ರಂದು ಜಗದ್ಗುರು ಫ್ರಾನ್ಸಿಸರು ಮಾಪುಚೆಯರ ನಾಡಿನ ತೆಮುಕೊ ನಗರದ ಬಳಿ ಬಲಿಪೂಜೆ ಅರ್ಪಿಸಿದಾಗ, ಆ ಜನರ ನೋವನ್ನು ಮನ್ನಿಸುತ್ತಲೇ, ಹಿಂಸೆಯು ಅತ್ಯಂತ ನ್ಯಾಯವಾದ ಗುರಿಯನ್ನೂ ಸುಳ್ಳಾಗಿಸುತ್ತದೆಂದು ತಿಳಿಹೇಳಿದರು. ಆ ಮಾತು ಲೌತಾರೊನಿಗೂ ಸಲ್ಲುತ್ತದೆ, ಅವನ ಒಡೆಯನಿಗೆ ಅದಕ್ಕಿಂತ ಮೊದಲು ಸಲ್ಲುತ್ತದೆ.

ನಮ್ಮ ಮನೆಗಳಲ್ಲಿಯೂ ಕೆಲಸಕ್ಕೆಂದು ಬಡವರ ಮಕ್ಕಳು ಬರುತ್ತಾರೆ. ತೋಟದಲ್ಲಿ, ಅಂಗಡಿಯಲ್ಲಿ, ಅಡಿಗೆಮನೆಯಲ್ಲಿ ಅವರು ಮೌನವಾಗಿ ದುಡಿಯುತ್ತಾರೆ. ಸಂಜೆ ನಾವು ಜಪಸರ ಹಿಡಿದು ಕುಳಿತಾಗ ಬಾಗಿಲ ಬಳಿ ನಿಂತು ಕೇಳುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ನಾವು ಅವರನ್ನು ಹೇಗೆ ಕರೆಯುತ್ತೇವೆ, ಅವರ ತಟ್ಟೆಗೆ ಏನು ಬಡಿಸುತ್ತೇವೆ, ಅವರಿಗೆ ಜ್ವರ ಬಂದಾಗ ಏನು ಮಾಡುತ್ತೇವೆ, ಸಂಬಳವನ್ನು ಯಾವ ದಿನ ಕೊಡುತ್ತೇವೆ ಎಂಬುದನ್ನೂ ನೋಡುತ್ತಾರೆ. ಅವರು ಓದುವ ಶುಭಸಂದೇಶ ಅದೊಂದೇ. ಈ ವರ್ಷ ಗೋದಲಿಯನ್ನು ಕಟ್ಟುವ ಮೊದಲು ಪ್ರತಿಯೊಂದು ಕುಟುಂಬವೂ ಒಂದು ಸಂಜೆ ಒಟ್ಟಿಗೆ ಕುಳಿತು ಇದನ್ನು ಯೋಚಿಸಲಿ. ಯಾರದಾದರೂ ಕೂಲಿ ಬಾಕಿಯಿದ್ದರೆ ಅದನ್ನು ಮೊದಲು ತೀರಿಸಲಿ.